ಡೂಪ್ಲಿಕೇಟ್ ಇಲ್ಲದ ಬೀಗ

ಆ ಮನೆಯಲ್ಲಿ ಡೂಪ್ಲಿಕೇಟ್ ಇಲ್ಲದ ಬೀಗ ಒಂದೂ ಇರಲಿಲ್ಲ. ಮುಂಬಾಗಿಲ ಹಿಂದೆ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ಕೀಲಿಕೈ. ಬಾಗಿಲಿನದು, ಬೀರುವಿನದು, ಅಮ್ಮನ ಟ್ರಂಕಿನದು, ಅಣ್ಣನ ಸೈಕಲ್ಲಿನದು. ಸೈಕಲ್ ಕಳುವಾಗಿ ಏಳು ವರ್ಷವಾಗಿದ್ದರೂ ಅದರ ಡೂಪ್ಲಿಕೇಟು ಮೊಳೆಯಿಂದ ಇಳಿದಿರಲಿಲ್ಲ.

ಅಪ್ಪ ಕೀಲಿಕೈ ಮಾಡುವವನು. ಬಸ್ ನಿಲ್ದಾಣದ ಪಕ್ಕದ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ಒಬ್ಬ ಕೂತರೆ ಇನ್ನೊಬ್ಬ ಹೊರಗೆ ನಿಲ್ಲಬೇಕಾದಷ್ಟು ಜಾಗದಲ್ಲಿ ನಲವತ್ತು ವರ್ಷದಿಂದ ಅರ ಹಿಡಿದು ಕೂತಿದ್ದ. ಅವನಿಗೆ ಎರಡೇ ಕಟ್ಟಳೆ. ಮನೆಯಲ್ಲಿ, ಹೊಸ ಬೀಗ ಬಂದ ದಿನವೇ ಅದರ ಡೂಪ್ಲಿಕೇಟು ಹಲಗೆಗೆ ಬರಬೇಕು. ಅಂಗಡಿಯಲ್ಲಿ, ಬೀಗ ಯಾರದೋ ಅವರು ಎದುರಿಗೆ ನಿಂತಿರಬೇಕು. ಒಮ್ಮೆ ಒಬ್ಬ ಹೆಂಗಸು ಗಂಡನ ಮೇಜಿನ ಡ್ರಾಯರನ್ನೇ ಕಿತ್ತು ಚೀಲದಲ್ಲಿ ತಂದು, ತೆಗೆದುಕೊಡಿ ಎಂದು ಕಣ್ಣೀರು ಹಾಕಿದ್ದಳು. "ಯಜಮಾನರು ಬರ್ಲಿ ತಾಯಿ. ಅವರು ಎದುರಿಗಿಲ್ದೆ ನಾನು ಮುಟ್ಟಲ್ಲ," ಎಂದು ಅಪ್ಪ ಡ್ರಾಯರನ್ನು ಮತ್ತೆ ಅವಳ ಚೀಲಕ್ಕೇ ಹಾಕಿದ್ದ. ಊಟದ ಡಬ್ಬಿ ಕೊಡಲು ಹೋಗಿದ್ದ ಗುಮ್ಮಿ ಇದನ್ನು ಕಣ್ಣಾರೆ ಕಂಡಿದ್ದಳು.

ಗುಮ್ಮಿ ಆ ಮನೆಯ ಕಿರಿಯವಳು. ಮಾತು ಕಡಿಮೆಯೆಂದು ಅಣ್ಣ ಚಿಕ್ಕಂದಿನಲ್ಲಿ ಗುಮ್ಮನಗುಸುಕಿ ಎಂದು ರೇಗಿಸುತ್ತಿದ್ದ. ಅದು ಸವೆದು ಸವೆದು ಗುಮ್ಮಿಯಾಗಿ ನಿಂತಿತ್ತು. ಅವಳು ಎಂಟನೇ ತರಗತಿಯಲ್ಲಿದ್ದಾಗ ಅಮ್ಮ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡಳು. ಒಂದು ತಿಂಗಳ ಮಟ್ಟಿಗೆ ಎಂದು ಶಾಲೆ ಬಿಡಿಸಿದ್ದು ಆರು ವರ್ಷವಾಯಿತು. ಶಾಲೆಯ ಪುಸ್ತಕಗಳು ರದ್ದಿಗೆ ಹೋದವು. ಪೆನ್ಸಿಲ್ಲುಗಳನ್ನು ಮಾತ್ರ ಅಪ್ಪ ಉಳಿಸಿಕೊಂಡ. ಬಿಗಿಯಾದ ಬೀಗಕ್ಕೆ ಎಣ್ಣೆ ಬಿಡುವವರು ಅರೆಬರೆ ಕಲಿತವರು, ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ ಎಂಬುದು ಅವನ ಮಾತು. ಅವನು ಪೆನ್ಸಿಲ್ಲಿನ ಸೀಸವನ್ನು ಅರೆದು, ನಯವಾದ ಪುಡಿ ಮಾಡಿ, ಮೂತಿಯಿರುವ ಪುಟ್ಟ ಶೀಶೆಯಿಂದ ಬೀಗದ ಹೊಟ್ಟೆಗೆ ಊದುತ್ತಿದ್ದ. ಪುಸ್ತಕವಿದ್ದ ತಗಡಿನ ಪೆಟ್ಟಿಗೆ ಖಾಲಿಯಾಗಿ ಮಂಚದ ಕೆಳಗೆ ಸೇರಿತು.

ಆ ಪೆಟ್ಟಿಗೆಗೆ ಮತ್ತೆ ಕೆಲಸ ಬಂದದ್ದು ಲ್ಯಾಪ್‌ಟಾಪ್ ಬಂದಾಗ.

ದಾರಿ ತೋರಿಸಿದವಳು ಅತ್ತಿಗೆ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು, ದಿನವಿಡೀ ಆಸ್ಪತ್ರೆಯ ಹೊದಿಕೆಗಳು. ಆಸ್ಪತ್ರೆಯ ಹಳೆಯ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಲು ಒಂದು ಆಫೀಸು ಮನೆಯಲ್ಲೇ ಕೂತು ಟೈಪ್ ಮಾಡುವ ಹುಡುಗಿಯರನ್ನು ಹುಡುಕುತ್ತಿದೆಯೆಂದು ಅಲ್ಲಿ ಕೇಳಿಬಂದಿದ್ದಳು. ಹಳೆಯ ಲ್ಯಾಪ್‌ಟಾಪನ್ನು ಅವರೇ ಕೊಡುತ್ತಾರೆ. ಪರದೆಯ ಮೇಲೆ ಕಾರ್ಡಿನ ಫೋಟೊ ಬರುತ್ತದೆ. ವೈದ್ಯರ ಕೋಳಿಕಾಲಿನ ಅಕ್ಷರ ಓದಿ ಹೆಸರು, ವಯಸ್ಸು, ಕಾಯಿಲೆ ಟೈಪ್ ಮಾಡಬೇಕು. ದಿನಕ್ಕೆ ಇನ್ನೂರು ಕಾರ್ಡು, ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು. ಆರು ವಾರ ಪರೀಕ್ಷೆ. ಅಷ್ಟರಲ್ಲಿ ಎರಡು ದಿನ ತಪ್ಪಿದರೆ ಮಾಫಿ, ಮೂರನೆಯ ದಿನ ತಪ್ಪಿದರೆ ಲ್ಯಾಪ್‌ಟಾಪ್ ವಾಪಸ್ಸು. ಗೆದ್ದವರಿಗೆ ಆಫೀಸಿನಲ್ಲೇ ಕುರ್ಚಿ, ಕಾಯಂ ಕೆಲಸ.

"ಮಾತಾಡೋ ಹಾಗಿಲ್ವಂತೆ, ಬರೀ ನೋಡ್ಬೇಕಂತೆ, ಟೈಪ್ ಮಾಡ್ಬೇಕಂತೆ. ನಿನ್ನ ಅಳತೆಗೇ ಹೊಲಿದ ಹಾಗಿದೆ ಕಣೆ," ಎಂದಿದ್ದಳು ಅತ್ತಿಗೆ.

ಆಫೀಸಿನವರು ಕೊಟ್ಟ ಹಾಳೆಯ ಪ್ರಕಾರ ಲ್ಯಾಪ್‌ಟಾಪನ್ನು ಮನೆಯಲ್ಲೇ ಅಣಿ ಮಾಡಿಕೊಳ್ಳಬೇಕಿತ್ತು. ಊಟದ ಮೇಜು ಒರೆಸಿ, ಅದರ ಮೇಲಿಟ್ಟು, ಐದೂ ಜನ ಸುತ್ತ ಕೂತರು.

"ಫೋನ್ ನಂಬರ್ ಕೇಳ್ತಿದೆ," ಎಂದಳು ಗುಮ್ಮಿ.

"ನಿಂದು ಹಾಕು," ಎಂದ ಅಣ್ಣ, ನಗುತ್ತ. ಅವಳ ಹತ್ತಿರ ಫೋನಿರಲಿಲ್ಲ.

"ಯಾಕೋ ಅವಳನ್ನ ಗೋಳು ಹುಯ್ಕೋತೀಯ? ನಿಂದೇ ಹಾಕಿಕೊಡು," ಎಂದಳು ಅಮ್ಮ.

ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಅವನು ಪೀಠೋಪಕರಣದ ಅಂಗಡಿಯೊಂದರಲ್ಲಿ ವ್ಯಾನ್ ಓಡಿಸುತ್ತಿದ್ದ. ಮನೆಯಲ್ಲಿ ಇಮೇಲ್ ಇದ್ದದ್ದು ಅವನೊಬ್ಬನಿಗೆ. ಹೆಸರು ಕೇಳಿತು, ಅವನದು ಹಾಕಿದ. ಹುಟ್ಟಿದ ದಿನ ಕೇಳಿತು, ಅವನದು. ಫೋನಿಗೆ ಕೋಡ್ ಬಂತು, ಅದನ್ನೂ ಒತ್ತಿದ. "ಎಲ್ಲಾ ಒಂದೇ ಕಡೆ ಇರ್ಲಿ. ಆಮೇಲೆ ಬದಲಾಯಿಸ್ಕೊಂಡ್ರಾಯ್ತು," ಎಂದ. ಸಂಬಳ ಬರಬೇಕಾದ ಬ್ಯಾಂಕ್ ಖಾತೆಯ ಸಾಲಿಗೂ ಅವನ ನಂಬರೇ ಹೋಯಿತು.

ಕೊನೆಗೆ ದಿನವೂ ತೆರೆಯಲು ಒಂದು ಗುಟ್ಟಿನ ನಂಬರು ಕೇಳಿತು.

"ಅಕ್ಷರನೂ ಸೇರಿಸಬಹುದು," ಎಂದ ಅಣ್ಣ.

"ಅಕ್ಷರ ಬೇಡ," ಎಂದ ಅಪ್ಪ. ಅವನು ಈಗ ಮುಂದಕ್ಕೆ ಬಾಗಿದ್ದ. "ನನ್ನ ಹತ್ರ ಕೀಲಿ ಮೇಲೆ ಅಚ್ಚೊತ್ತೋ ಅಂಕಿ ಪಂಚು ಮಾತ್ರ ಇರೋದು."

"ಪಂಚಾ? ಅಪ್ಪ, ಇದು ಗುಟ್ಟಾಗಿರ್ಬೇಕು."

"ಮನೆಯವರ ಹತ್ರ ಎಂಥ ಗುಟ್ಟೋ? ನಾಳೆ ಅವಳು ಮರೆತ್ರೆ? ಬೀಗ ಅಂದ್ಮೇಲೆ ಡೂಪ್ಲಿಕೇಟ್ ಬೇಕು."

ಗುಮ್ಮಿ ಎಂಟು ಅಂಕಿ ಆರಿಸಿದಳು. ಅಪ್ಪ ಹಲ್ಲು ಕೊರೆಯದ ಹಿತ್ತಾಳೆಯ ಕೀಲಿಕೈಯೊಂದನ್ನು ಕಟ್ಟೆಯ ಮೇಲಿಟ್ಟು, ಒಂದೊಂದೇ ಪಂಚು ಹಿಡಿದು ಸುತ್ತಿಗೆಯಿಂದ ಎಂಟು ಏಟು ಹಾಕಿದ. ಏಳರ ಅಂಕಿ ಎರಡು ಸಲ ಬಂತು. ಸೈಕಲ್ಲಿನ ಕೀಲಿಯ ಪಕ್ಕದ ಮೊಳೆಗೆ ಅದನ್ನು ತಗಲಿಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಈಗ ಕಳ್ಳ ಬಂದ್ರೆ ಹುಡುಕೋ ತಾಪತ್ರಯನೇ ಇಲ್ಲ," ಎಂದಳು ಅತ್ತಿಗೆ. ಅಪ್ಪನೂ ನಕ್ಕ.

ಮರುದಿನ ಗುಮ್ಮಿ ಲ್ಯಾಪ್‌ಟಾಪ್ ತೆರೆದಾಗ ಪರದೆಯ ಮೇಲೆ ದೊಡ್ಡದಾಗಿ ಅಣ್ಣನ ಹೆಸರು ಬಂತು. ಅದರ ಕೆಳಗಿನ ಖಾಲಿ ಜಾಗದಲ್ಲಿ ಅವಳು ತನ್ನ ಎಂಟು ಅಂಕಿ ಒತ್ತಿದಳು.

ಮೊದಲ ಎರಡು ವಾರ ಮನೆ ಅವಳ ಹನ್ನೆರಡು ಗಂಟೆಯ ಸುತ್ತ ತಿರುಗಿತು. ಬೆಳಗ್ಗೆ ನೀರು ಹಿಡಿದು, ಅನ್ನಕ್ಕಿಟ್ಟು, ಅಮ್ಮನನ್ನು ಸ್ನಾನಕ್ಕೆ ಕೂರಿಸಿ, ಏಳೂವರೆಗೆ ಪೆಟ್ಟಿಗೆಯಿಂದ ಲ್ಯಾಪ್‌ಟಾಪ್ ತೆಗೆಯುತ್ತಿದ್ದಳು. ಅಮ್ಮ ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತ ಕೇಳುತ್ತಿದ್ದಳು.

"ಈಗ ಯಾರು ಬಂದ್ರೇ?"

"ಅರವತ್ತೆರಡು ವರ್ಷದ ಅಜ್ಜಿ. ಮೂತ್ರಕೋಶದ ಕಲ್ಲು."

"ಅಯ್ಯೋ ಪಾಪ. ಈಗ ಇದ್ದಾಳೋ ಇಲ್ವೋ."

ಒಂದು ದಿನ ಅಂಕಿಗಳೇ ಬೀಳಲಿಲ್ಲ. ಎಷ್ಟು ಒತ್ತಿದರೂ ಖಾಲಿ ಜಾಗ ಖಾಲಿಯೇ. ಗುಮ್ಮಿ ಅತ್ತಿಗೆಯನ್ನು ಕೂಗಿದಳು. ಕೆಲಸಕ್ಕೆ ಹೊರಟಿದ್ದ ಅತ್ತಿಗೆ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು, ಬಲಗಡೆಯ ಮೇಲಿನ ಗುಂಡಿಯೊಂದನ್ನು ಒತ್ತಿದಳು. ಪುಟ್ಟ ದೀಪ ಹತ್ತಿತು, ಅಂಕಿಗಳು ಬಿದ್ದವು.

"ಲಾಂಡ್ರಿ ಬಿಲ್ ಮಿಷನ್ನಲ್ಲೂ ಹೀಗೇ ಆಗತ್ತೆ. ಬಟ್ಟೆ ತಗುಲಿ ದೀಪ ಆರತ್ತೆ," ಎಂದಳು.

"ಮಿಷನ್ನಿಗೂ ಮುನಿಸು ಬರತ್ತೆ ಅನ್ನು. ಬೀಗದ ಹಾಗೇ," ಎಂದ ಅಪ್ಪ. ಅದು ಅವನಿಗೆ ಖುಷಿ ಕೊಟ್ಟ ಹಾಗಿತ್ತು.

ಮೂರನೇ ವಾರ ಅಣ್ಣ ಹಿಂದಕ್ಕೆ ಓಡಿಸುವಾಗ ವ್ಯಾನನ್ನು ಗೋದಾಮಿನ ಕಂಬಕ್ಕೆ ಗುದ್ದಿದ. ಅಂಗಡಿಯವನು ಕೆಲಸದಿಂದ ತೆಗೆದ. ಎರಡು ದಿನ ಅವನು ಮಂಚದಿಂದ ಏಳಲಿಲ್ಲ. ಆಮೇಲೆ ಎದ್ದವನು ಲ್ಯಾಪ್‌ಟಾಪಿನ ಮುಂದೆ ಕೂತ. ಮೊದಮೊದಲು ಕೆಲಸ ಹುಡುಕಿದ, ಆಮೇಲೆ ಇಸ್ಪೀಟಾಟ ಆಡಿದ. ಗುಮ್ಮಿ ಹನ್ನೆರಡಕ್ಕೆ ಎದ್ದರೆ ಅವನು ಹನ್ನೆರಡೂ ಒಂದಕ್ಕೆ ಕೂರುತ್ತಿದ್ದ. ಹಲಗೆಯ ಕಡೆ ಕತ್ತೆತ್ತಿ ಅಂಕಿ ನೋಡಿಕೊಂಡು ಒತ್ತುತ್ತಿದ್ದ. ಅಲ್ಲೇ ತಿನ್ನುತ್ತಿದ್ದ, ಅಲ್ಲೇ ಕುಡಿಯುತ್ತಿದ್ದ.

ನಾಲ್ಕನೇ ವಾರ ಅವನ ಚಹಾ ಲೋಟ ಗುಂಡಿಗಳ ಮೇಲೆ ಮಗುಚಿಕೊಂಡಿತು.

"ಒರೆಸೇ, ನೋಡ್ತಾ ನಿಂತಿದೀಯಲ್ಲ!" ಎಂದು ಅವನೇ ಕೂಗಿದ.

ಗುಮ್ಮಿ ತನ್ನ ಸೆರಗಿನಲ್ಲೇ ಒರೆಸಿದಳು. ಲ್ಯಾಪ್‌ಟಾಪನ್ನು ಮಗುಚಿ ಫ್ಯಾನಿನ ಕೆಳಗೆ ಇಡೀ ಒಂದು ದಿನ ಇಟ್ಟರು. ಒಂದು ದಿನ ತಪ್ಪಿತು. ಮರುದಿನ ಎಲ್ಲ ಸರಿಯಾಯಿತು, ಏಳರ ಗುಂಡಿ ಮಾತ್ರ ಅಂಟು ಹಿಡಿದು, ಒತ್ತಿದರೆ ನಿಧಾನಕ್ಕೆ ಮೇಲೇಳುತ್ತಿತ್ತು. ಗುಮ್ಮಿ ಅದನ್ನು ಸ್ವಲ್ಪ ಗಟ್ಟಿಯಾಗಿ ಒತ್ತಲು ಕಲಿತಳು.

"ಸಕ್ಕರೆ ಕಡಿಮೆ ಹಾಕಿ ಅಂತ ನಾನು ಬಡ್ಕೊಂಡೆ," ಎಂದಳು ಅತ್ತಿಗೆ. "ನನ್ನ ಮಾತು ಯಾರು ಕೇಳ್ತಾರೆ?"

ಐದನೇ ವಾರದ ಕೊನೆಗೆ ಆಫೀಸಿನಿಂದ ಒಂದು ಪತ್ರ ಬಂತು. ಪರದೆಯ ಮೇಲೆ ಅದನ್ನು ಮೊದಲು ಓದಿದವನು ಅಣ್ಣ. ಊಟಕ್ಕೆ ಕೂತಾಗ ಅವನು ಅದನ್ನು ತಟ್ಟೆಗೆ ಬಡಿಸಿದ ಹಾಗೆ ಎಲ್ಲರ ಮುಂದಿಟ್ಟ.

"ಏನು ಗುಮ್ಮಿ, ನಿನ್ನ ಹೆಸರಿಗೇ ಲಾಗಿನ್ ಕೊಡ್ತಾರಂತೆ. ಸ್ವಂತ ಖಾತೆ ತೆರೀಬೇಕಂತೆ. ನಮಗೆಲ್ಲ ಹೇಳಲೇ ಇಲ್ಲ?"

"ನಾನೇ ಇನ್ನೂ ಓದಿಲ್ಲ," ಎಂದಳು ಗುಮ್ಮಿ.

"ಒಳ್ಳೇದೇ ಆಯ್ತಲ್ಲ," ಎಂದ ಅಪ್ಪ. "ಕೆಲಸ ಅವಳದು, ಹೆಸರೂ ಅವಳದೇ ಇರ್ಲಿ."

"ಇಷ್ಟು ದಿನ ದುಡ್ಡು ಯಾರ ಖಾತೆಗೆ ಬಂತು? ತಂದು ಅಮ್ಮನ ಕೈಲಿ ಇಟ್ಟಿಲ್ವಾ?" ಎಂದ ಅಣ್ಣ.

"ಇಟ್ರಿ, ಇಟ್ರಿ," ಎಂದಳು ಅತ್ತಿಗೆ. "ದಾರೀಲಿ ಎಷ್ಟು ಸೋರಿತು ಅಂತ ನಾನು ಕೇಳಿದ್ನಾ?"

"ನೀನು ಬಾಯಿ ಮುಚ್ಚು."

"ಸಾಕು ಬಿಡ್ರೋ, ಅನ್ನದ ಮುಂದೆ ಜಗಳ ಬೇಡ," ಎಂದಳು ಅಮ್ಮ. ಸೌಟು ಅವಳ ಕೈಯಲ್ಲೇ ನಿಂತಿತ್ತು. ಅಣ್ಣನ ತಟ್ಟೆ ಹತ್ತಿರವಿತ್ತು, ಖಾಲಿಯಿತ್ತು.

"ಗುಮ್ಮಿಗೆ ಮೊದಲು ಬಡ್ಸು," ಎಂದ ಅಪ್ಪ. "ಬೆಳಗ್ಗೆಯಿಂದ ಕಣ್ಣು ಕೀಳ್ದೆ ಕೂತಿದ್ಳು."

ಅಮ್ಮನ ಸೌಟು ಅಣ್ಣನ ತಟ್ಟೆಯ ಮೇಲಿಂದ ದಾಟಿ ಗುಮ್ಮಿಯ ತಟ್ಟೆಗೆ ಹೋಯಿತು. ಅಪ್ಪ ಅದನ್ನು ಬೇಕೆಂದು ಮಾಡಿರಲಿಲ್ಲ. ಆದರೆ ಅಣ್ಣನ ಮುಖ ನೋಡಿದ ಗುಮ್ಮಿ ಅನ್ನ ಕಲಸಿದಳೇ ಹೊರತು ತುತ್ತು ಎತ್ತಲಿಲ್ಲ.

"ಈ ಮನೇಲಿ ನನ್ನ ಹೆಸರು ಉಳಿದಿರೋದು ಆ ಪರದೆ ಮೇಲೆ ಮಾತ್ರ," ಎಂದ ಅಣ್ಣ. "ಅದನ್ನೂ ಅಳಿಸಿಬಿಡಿ." ತಟ್ಟೆ ಸರಿಸಿ ಎದ್ದುಹೋದ.

ಆರನೇ ವಾರದ ನಡುವೆ ಅವನಿಗೊಂದು ಬದಲಿ ಕೆಲಸ ಸಿಕ್ಕಿತು. ಯಾರದೋ ಲಾರಿ, ನಾಲ್ಕು ದಿನದ ಪಯಣ. ಹೊರಡುವ ಹಿಂದಿನ ಸಂಜೆ ಗುಮ್ಮಿ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅಲ್ಲಿಂದ ಅಣ್ಣನ ಬೆನ್ನು, ಪರದೆಯ ಅಂಚು ಕಾಣುತ್ತಿತ್ತು. ಅವನು ಫೋನ್ ನೋಡಿದ, ಏನೋ ಒತ್ತಿದ, ಮತ್ತೆ ಫೋನ್ ನೋಡಿದ. ಆಮೇಲೆ ತುಟಿ ಅಲುಗಿಸುತ್ತ ಎಂಟು ಸಲ ಒತ್ತಿದ. ಸ್ವಲ್ಪ ಬಿಟ್ಟು ಇನ್ನೊಂದು ಸಲ ಅದೇ ಎಂಟು. ಹಲಗೆಯ ಕಡೆ ಕತ್ತೆತ್ತಲಿಲ್ಲ. ತಿರುಗಿದವನು ಅವಳು ನೋಡುತ್ತಿದ್ದುದನ್ನು ನೋಡಿದ.

"ಏನು ನೋಡ್ತೀಯ?"

"ಏನಿಲ್ಲ."

ಬೆಳಗ್ಗೆ ಅವನು ಹೊರಟುಹೋಗಿದ್ದ. ಏಳೂವರೆಗೆ ಗುಮ್ಮಿ ಎಂಟು ಅಂಕಿ ಒತ್ತಿದಳು. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದಳು. ತಪ್ಪು. ನಾಲ್ಕನೆಯ ಸಲಕ್ಕೆ ಪರದೆ ಏನೋ ಬರೆಯಲು ಹೇಳಿತು, ಆರನೆಯ ಸಲಕ್ಕೆ ಬಾಗಿಲು ಮುಚ್ಚಿ, ಖಾತೆಯ ಯಜಮಾನನ ಫೋನಿಗೆ ಕೋಡ್ ಕಳಿಸಲೇ ಎಂದು ಕೇಳಿತು.

ಅಪ್ಪ ಹಲಗೆಯಿಂದ ಹಿತ್ತಾಳೆಯ ಕೀಲಿ ಇಳಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಕಿಗೆ ಹಿಡಿದ.

"ಪಂಚು ಸರಿಯಾಗಿದೆ. ನನ್ನ ಪಂಚು ಸುಳ್ಳು ಹೇಳಲ್ಲ." ಆಮೇಲೆ ಏಳರ ಗುಂಡಿಯ ಮೇಲೆ ಬೆರಳಿಟ್ಟು ಒತ್ತಿ, ಅದು ಏಳುವುದನ್ನು ಕಾದ. "ನೋಡು, ನೋಡು. ಇದು ಒಳಗೇ ಕೂತ್ಕೋತಿದೆ. ಅವತ್ತಿನ ಚಹಾ. ನಿಂಗೆ ಏಳು ಎರಡು ಸಲ ಬರತ್ತಲ್ಲ, ಅಲ್ಲೇ ತಪ್ತಾ ಇದೆ."

ಗುಮ್ಮಿ ಬಾಯಿ ತೆರೆದಳು. ಹಿಂದೆ ನಿಂತಿದ್ದ ಅತ್ತಿಗೆ ಅವಳ ಮೊಣಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಅವರೇ ಬದಲಾಯಿಸಿದಾರಾ?"

"ಹೂಂ. ನಾನು ನೋಡ್ದೆ."

"ಮಾವನಿಗೆ ಹೇಳ್ಬೇಡ. ನಿನ್ನ ದಮ್ಮಯ್ಯ." ಅತ್ತಿಗೆ ಆಗಲೇ ಫೋನ್ ಕಿವಿಗಿಟ್ಟಿದ್ದಳು. "ಮಗ ಬೀಗ ಬದಲಾಯಿಸಿ ಡೂಪ್ಲಿಕೇಟ್ ಇಡ್ಲಿಲ್ಲ ಅಂತ ಗೊತ್ತಾದ್ರೆ ನಮ್ಮಿಬ್ಬರ ಹಾಸಿಗೆ ಬೀದೀಲಿರತ್ತೆ. ನಾನು ಕೇಳಿ ಇಸ್ಕೋತೀನಿ, ಇರು."

ಲಾರಿಯ ಸದ್ದಿನ ನಡುವೆ ಅಣ್ಣನ ದನಿ ಗುಮ್ಮಿಗೂ ಕೇಳುತ್ತಿತ್ತು. ಸಂಜೆ ಹೇಳುತ್ತೇನೆ ಎಂದ. ಹನ್ನೆರಡು ದಾಟಿತು. ಚಹಾ ಬಿದ್ದ ದಿನದ ಜೊತೆಗೆ ಮಾಫಿಯ ಎರಡನೆಯ ದಿನವೂ ಹೋಯಿತು. ಸಂಜೆ ಅತ್ತಿಗೆ ಮತ್ತೆ ಕರೆ ಮಾಡಿದಾಗ ಅವನು ನಕ್ಕ. "ಬಂದು ಹೇಳ್ತೀನಿ. ಅಲ್ಲೀವರೆಗೂ ನನ್ನ ಹೆಸರು ಹಿಡ್ಕೊಂಡು ಕಾಯ್ಲಿ. ಯಜಮಾನಿಕೆ ಅಂದ್ರೆ ಏನು ಅಂತ ಸ್ವಲ್ಪ ಗೊತ್ತಾಗ್ಲಿ."

"ಅವಳ ಕೆಲಸ ಹೋಗತ್ತೆ ಕಣ್ರೀ!"

"ಒಂದೆರಡು ದಿನಕ್ಕೆಲ್ಲ ಯಾರೂ ತೆಗೆಯಲ್ಲ. ನಂದು ಬೇರೆ, ನಾನು ವ್ಯಾನ್ ಗುದ್ದಿದೆ." ಫೋನ್ ಇಟ್ಟ.

ಅಪ್ಪ ಅಂಗಡಿಯಿಂದ ಬಂದವನು ಕೈ ತೊಳೆಯುತ್ತ ಕೇಳಿದ: "ಏನಂತೆ ಅವನು? ಫೋನ್ ಸಿಕ್ತಾ?"

"ಸಿಗ್ತಿಲ್ಲ ಮಾವ. ಸಿಗ್ನಲ್ ಇಲ್ಲ," ಎಂದಳು ಅತ್ತಿಗೆ.

ಅಪ್ಪ ಗುಮ್ಮಿಯನ್ನು ನೋಡಿದ. ಅವಳು ತಟ್ಟೆಗಳನ್ನು ಜೋಡಿಸುತ್ತಿದ್ದಳು. ಹೇಳಬೇಕಿದ್ದ ಹೊತ್ತು ಅದೇ. ಅವಳು ಲೋಟಗಳನ್ನೂ ಜೋಡಿಸಿದಳು.

"ನಾಳೆ ಆಫೀಸಿಗೇ ಹೋಗಿ ಕೇಳ್ತೀನಿ," ಎಂದಳು ಕೊನೆಗೆ.

"ಬರಿಗೈಲಿ ಹೋಗು," ಎಂದಳು ಅಮ್ಮ. "ಅದನ್ನ ಎತ್ಕೊಂಡು ಹೋದ್ರೆ ಅಲ್ಲೇ ಇಟ್ಕೊಂಡ್ಬಿಡ್ತಾರೆ. ಮೊದಲು ಮಾತಾಡು. ಬಾಯಿ ಬಿಟ್ಟು ಮಾತಾಡು."

ಬೆಳಗ್ಗೆ ಒಂಬತ್ತಕ್ಕೆ ಆಫೀಸಿನ ಬಾಗಿಲು ತೆರೆಯುವಾಗ ಗುಮ್ಮಿ ಮೆಟ್ಟಿಲ ಮೇಲಿದ್ದಳು. ಉದ್ದನೆಯ ಕೋಣೆ, ಎರಡು ಸಾಲು ಮೇಜು, ಪ್ರತಿ ಮೇಜಿಗೂ ಒಂದು ಕುರ್ಚಿ. ಕಿಟಕಿಯ ಪಕ್ಕದ ಮೂರು ಕುರ್ಚಿ ಖಾಲಿಯಿದ್ದವು. ಕನ್ನಡಕ ಹಣೆಗೇರಿಸಿದ ಮೇಡಂ ಅವಳನ್ನು ಎದುರಿಗೆ ಕೂರಿಸಿಕೊಂಡಳು.

"ನಿನ್ನ ಕಾರ್ಡುಗಳಲ್ಲಿ ತಪ್ಪೇ ಇರಲ್ಲ ಕಣಮ್ಮ. ನಿನ್ನೆ ಯಾಕೆ ಕಳಿಸ್ಲಿಲ್ಲ?"

"ನಂಬರ್ ತಗೋತಿಲ್ಲ ಮೇಡಂ."

"ಯಾರಾದ್ರೂ ಬದಲಾಯಿಸಿದ್ರಾ?"

ಅಲ್ಲಿ ಅತ್ತಿಗೆ ಇರಲಿಲ್ಲ, ಅಪ್ಪ ಇರಲಿಲ್ಲ. ಗುಮ್ಮಿ ತನ್ನ ಚಪ್ಪಲಿ ನೋಡುತ್ತ ಹೇಳಿದಳು: "ನಮ್ಮಣ್ಣ. ಅದು ಅವನ ಹೆಸರಲ್ಲಿದೆ."

ಮೇಡಂ ಗದರಲಿಲ್ಲ. "ಹತ್ತರಲ್ಲಿ ಆರು ಹುಡುಗೀರದು ಇದೇ ಕಥೆ. ತಗೊಂಡ್ಬಾ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತೀವಿ, ಅರ್ಧ ಗಂಟೆ ಕೆಲಸ. ನೀನು ಕಳಿಸಿರೋದೆಲ್ಲ ನಮ್ಮ ಹತ್ರ ಭದ್ರವಾಗಿದೆ. ಈ ಸಲ ನಿನ್ನ ಹೆಸರಲ್ಲೇ ತೆರೆಯೋ ಹಾಗೆ ಮಾಡೋಣ. ಹತ್ತೂವರೆಯೊಳಗೆ ಬಂದ್ರೆ ಇಲ್ಲೇ ಕೂತು ಸಂಜೆಯೊಳಗೆ ಇವತ್ತಿನದು ಮುಗಿಸು, ಹನ್ನೆರಡು ದಾಟಿದ್ರೂ ನಾನು ನೋಡ್ಕೋತೀನಿ. ಆ ಕಿಟಕಿ ಹತ್ರ ಕೂತ್ಕೋ."

ಗುಮ್ಮಿ ಬಸ್ಸಿಗೆ ಕಾಯಲಿಲ್ಲ. ಎರಡು ನಿಲ್ದಾಣದ ದಾರಿಯನ್ನು ಓಡಿದಳು, ನಡೆದಳು, ಮತ್ತೆ ಓಡಿದಳು. ದಾರಿಯಲ್ಲಿ ಅಪ್ಪನ ಅಂಗಡಿ ಮುಚ್ಚಿತ್ತು. ಈ ಹೊತ್ತಿಗೆ ಅದು ಮುಚ್ಚಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಮನೆಯಲ್ಲಿ ಅಪ್ಪ ಊಟದ ಮೇಜಿನ ಮುಂದೆ ಕೂತಿದ್ದ. ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಚಪ್ಪಟೆ ಕಡ್ಡಿ, ಚಿಮಟ, ಮೂತಿಯ ಶೀಶೆ. ಅವನ ಬೆರಳ ತುದಿಗಳು ಕಪ್ಪಗೆ ಹೊಳೆಯುತ್ತಿದ್ದವು.

"ಬಾ ಬಾ," ಎಂದ, ತಲೆಯೆತ್ತದೆ. "ಏಳು ಈಗ ಹೇಗೆ ಕುಣೀತಿದೆ ನೋಡು. ಗುಂಡಿ ಎತ್ತಿ ಪುಡಿ ಊದ್ದೆ. ಒಂದಕ್ಕೇ ಯಾಕೆ ಅಂತ ಉಳಿದಿದ್ದಕ್ಕೂ ಊದಿದೀನಿ. ಹತ್ತು ವರ್ಷ ಯೋಚನೆ ಇಲ್ಲ."

ಗುಂಡಿಗಳ ಸಂದಿಯಲ್ಲೆಲ್ಲ ಸೀಸದ ಪುಡಿ ತೆಳ್ಳಗೆ ಕೂತಿತ್ತು. ಗುಮ್ಮಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಆನ್ ಮಾಡು, ನಿನ್ನ ಕೈಯಿಂದಲೇ," ಎಂದ ಅಪ್ಪ.

ಅವಳು ಒತ್ತಿದಳು. ಅಣ್ಣನ ಹೆಸರು ಬಂತು. ಯಾರೂ ಮುಟ್ಟದೆಯೇ ಕೆಳಗಿನ ಖಾಲಿ ಜಾಗದಲ್ಲಿ ಚುಕ್ಕೆಗಳು ಓಡತೊಡಗಿದವು. ಹತ್ತು, ಇಪ್ಪತ್ತು, ಸಾಲು ತುಂಬಿದರೂ ನಿಲ್ಲಲಿಲ್ಲ. ಒಳಗಿಂದ ಕೂಗಿದಂಥ ಒಂದೇ ಸಮನೆಯ ಶಬ್ದ ಬಂತು. ಆಮೇಲೆ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಬಂತು, ಪರದೆ ಕಪ್ಪಾಯಿತು.

"ಮತ್ತೆ ಆನ್ ಮಾಡು," ಎಂದ ಅಪ್ಪ.

ಆಗಲಿಲ್ಲ.

"ಏನಾಯ್ತೇ?" ಎಂದು ಅಮ್ಮ ಅಡಿಗೆಮನೆಯಿಂದ ಕೇಳಿದಳು. "ಈಗ ಯಾರು ಬಂದ್ರು?"

ಅಪ್ಪ ಪರದೆ ಮಡಚಿ ಚಪ್ಪಲಿ ಮೆಟ್ಟಿದ.

ಹತ್ತೂವರೆಗೆ ಐದು ನಿಮಿಷ ಇರುವಾಗ ತಂದೆ, ಮಗಳು ಆಫೀಸು ತಲುಪಿದರು. ಲ್ಯಾಪ್‌ಟಾಪನ್ನು ಅಪ್ಪನೇ ಎತ್ತಿಕೊಂಡಿದ್ದ, ಎದೆಗೆ ಅವುಚಿಕೊಂಡು. ಅಲ್ಲಿನ ರಿಪೇರಿಯವನು ಹಿಂಬದಿಯ ಸ್ಕ್ರೂ ಬಿಚ್ಚಿ, ಬೆರಳಿಂದ ಸವರಿ, ಕಪ್ಪಾದ ಬೆರಳನ್ನು ಮೂಸಿ ನೋಡಿದ.

"ಏನಿದು?"

"ಪೆನ್ಸಿಲ್ ಸೀಸದ ಪುಡಿ," ಎಂದ ಅಪ್ಪ. "ಗುಂಡಿ ಕಚ್ಕೊಂಡಿತ್ತು."

"ಹಿರಿಯರೇ, ಇದರಲ್ಲಿ ಕರೆಂಟು ಹರಿಯತ್ತೆ. ಒಳಗೆಲ್ಲ ಒಂದಕ್ಕೊಂದು ತಗುಲಿ ಬೋರ್ಡೇ ಸುಟ್ಟಿದೆ. ಎಣ್ಣೆ ಬಿಟ್ಟಿದ್ರೂ ಇಷ್ಟು ಆಗ್ತಿರ್ಲಿಲ್ಲ."

ಅಪ್ಪ ಆ ಮಾತನ್ನು ಕೇಳಿಸಿಕೊಂಡು ನಿಂತ. ಮೇಡಂ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದಳು. ಕೊಡಲು ಮನಸ್ಸಿದೆ, ಆದರೆ ಹಾಳು ಮಾಡಿದವರಿಗೆ ಇನ್ನೊಂದು ಲ್ಯಾಪ್‌ಟಾಪ್ ಕೊಡುವ ಅಧಿಕಾರ ನನಗಿಲ್ಲ ಎಂದಳು. ಪರಿಹಾರ ಕೇಳದ ಹಾಗೆ ನೋಡಿಕೊಳ್ಳುತ್ತೇನೆ, ಅಷ್ಟೇ ನನ್ನ ಕೈಲಾಗುವುದು ಎಂದಳು. ಗುಮ್ಮಿ ಕೊರಳಿನಲ್ಲಿದ್ದ ತಾತ್ಕಾಲಿಕ ಗುರುತಿನ ಚೀಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಅದರಲ್ಲಿ ಅವಳ ಫೋಟೊ ಇತ್ತು. ಅವಳ ಹೆಸರಿತ್ತು.

ಅಣ್ಣ ಬಂದದ್ದು ಹೊರಟ ನಾಲ್ಕನೆಯ ದಿನ ರಾತ್ರಿ, ಕೈಯಲ್ಲಿ ಕಿತ್ತಳೆಯ ಚೀಲ ಹಿಡಿದು. ಎಲ್ಲರೂ ಊಟಕ್ಕೆ ಕೂತಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಗೇ ಇತ್ತು, ಕಪ್ಪು ಗುರುತುಗಳ ಸಮೇತ. ಅತ್ತಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ನೋಡಲಿಲ್ಲ.

"ತಗೋ ಗುಮ್ಮಿ, ಕಿತ್ತಳೆ. ಕೋಪ ಹೋಯ್ತಾ?" ಎಂದು ಕುರ್ಚಿ ಎಳೆದುಕೊಂಡ. "ಬರ್ಕೋ ಹೊಸ ನಂಬರ್. ನಾನು ವ್ಯಾನ್ ಕೆಲಸಕ್ಕೆ ಸೇರಿದ ತಾರೀಖೇ ಅದು, ನಿಂಗೂ ನೆನಪಿರತ್ತೆ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

"ಯಾವ ನಂಬರು?"

ಅಣ್ಣ ಆಗ ಸುತ್ತ ನೋಡಿದ. ಹೆಂಡತಿಯನ್ನು, ಬಟ್ಟೆಯನ್ನು, ತಂಗಿಯನ್ನು.

"ಬದಲಾಯಿಸಿದ್ಯಾ?" ಎಂದ ಅಪ್ಪ.

"ನಾಲ್ಕು ದಿನದ ಮಟ್ಟಿಗೆ ಅಪ್ಪ. ತಮಾಷೆಗೆ. ಬಂದ ಕೂಡಲೇ ಸರಿ ಮಾಡೋನಿದ್ದೆ."

"ಹಲಗೆ ಮೇಲೆ ಹಾಕಿದ್ಯಾ?"

"ಏನು?"

"ಡೂಪ್ಲಿಕೇಟ್. ಹಲಗೆ ಮೇಲೆ ಹಾಕಿದ್ಯಾ ಅಂದೆ."

ಅಣ್ಣ ಕಿತ್ತಳೆಯ ಚೀಲವನ್ನು ನೆಲಕ್ಕಿಳಿಸಿದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಬೈಗುಳ ಬರುತ್ತದೆಂದು, ತಟ್ಟೆ ಹಾರುತ್ತದೆಂದು ಎಲ್ಲರೂ ಕಾದರು. ಅಪ್ಪ ಮಗಳ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ?"

ಅತ್ತಿಗೆ ತಲೆ ತಗ್ಗಿಸಿದಳು.

"ಗೊತ್ತಿತ್ತು," ಎಂದಳು ಗುಮ್ಮಿ.

"ಮೊದಲ ದಿನವೇ?"

"ಮೊದಲ ದಿನವೇ."

ಅಪ್ಪ ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡ. ಕೈ ತೊಳೆದ. ಬೆರಳ ಕಪ್ಪು ಹೋಗಿರಲಿಲ್ಲ, ಸೋಪು ಹಚ್ಚಿ ಇನ್ನೊಮ್ಮೆ ತೊಳೆದ. ಅಣ್ಣ ಹಿಂದೆಯೇ ಹೋಗಿ ಏನೇನೋ ಹೇಳಿದ. ಆಫೀಸಿಗೆ ತಾನೇ ಹೋಗಿ ಕಾಲು ಹಿಡಿಯುತ್ತೇನೆ ಎಂದ, ಹೋಗಿಯೂ ಬಂದ. ಕಿಟಕಿ ಪಕ್ಕದ ಮೂರೂ ಕುರ್ಚಿ ತುಂಬಿದ್ದವಂತೆ.

ಯಾರ ಹಾಸಿಗೆಯೂ ಬೀದಿಗೆ ಹೋಗಲಿಲ್ಲ. ಅಣ್ಣ ಲಾರಿಯಲ್ಲಿ ಹೋದಾಗ ಮನೆಯಲ್ಲಿ ಉಸಿರು ಸಲೀಸಾಗಿ ಆಡುತ್ತಿತ್ತು, ಬಂದಾಗ ಮತ್ತೆ ಬಿಗಿಯುತ್ತಿತ್ತು, ಅಷ್ಟೇ. ಅತ್ತಿಗೆ ಗುಮ್ಮಿಯ ಪಾಲಿನ ಪಾತ್ರೆಗಳನ್ನೂ ತಾನೇ ತೊಳೆಯತೊಡಗಿದಳು. ಬೇಡವೆಂದರೂ ಕೇಳಲಿಲ್ಲ. "ಏನಾದ್ರೂ ಬೈಯೇ," ಎಂದು ಒಂದು ದಿನ ನಲ್ಲಿಯ ಮುಂದೆ ಅತ್ತಳು. ಗುಮ್ಮಿಗೆ ಬೈಗುಳ ಹೊಳೆಯಲಿಲ್ಲ. ಅಮ್ಮ ಆಲೂಗಡ್ಡೆ ಸುಲಿಯುವಾಗ ಒಮ್ಮೊಮ್ಮೆ ತಲೆಯೆತ್ತಿ, ಕೇಳಲು ಹೋಗಿ, ಸುಮ್ಮನಾಗುತ್ತಿದ್ದಳು.

ಅಪ್ಪ ಅಂಗಡಿಗೆ ಹೋಗುತ್ತಿದ್ದ, ಬರುತ್ತಿದ್ದ. ಸೀಸದ ಶೀಶೆಯನ್ನು ಎಲ್ಲಿಟ್ಟನೋ ಕಾಣಲಿಲ್ಲ. ಹಿತ್ತಾಳೆಯ ಕೀಲಿ ಮೊಳೆಯ ಮೇಲೇ ಇತ್ತು. ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಎರಡು ವಾರದ ಮೇಲೆ ಒಂದು ಸಂಜೆ ಅವನು ಬಂದವನೇ ಜೇಬಿನಿಂದ ಒಂದು ಪುಟ್ಟ ಬೀಗ ತೆಗೆದು ಗುಮ್ಮಿಯ ಮುಂದಿಟ್ಟ. ಹೊಸದಲ್ಲ, ಆದರೆ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದ.

"ನಿನ್ನ ಪೆಟ್ಟಿಗೆಗೆ ಹಾಕ್ಕೋ."

ಗುಮ್ಮಿ ಅದನ್ನು ಎತ್ತಿಕೊಂಡಳು. ಕೀಲಿಕೈ ಒಂದೇ ಇತ್ತು. ಅಭ್ಯಾಸಬಲದಿಂದ ಅವಳು ಅಪ್ಪನ ಇನ್ನೊಂದು ಕೈಯನ್ನು ನೋಡಿದಳು, ಆಮೇಲೆ ಹಲಗೆಯನ್ನು.

"ಡೂಪ್ಲಿಕೇಟು?"

"ಮಾಡಿಲ್ಲ."

"ಯಾಕಪ್ಪ?"

ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಕೊನೆಯ ಗುಂಡಿಯವರೆಗೂ ಬಿಚ್ಚಿ, ಅಂಗಿಯನ್ನು ಮೊಳೆಗೆ ಹಾಕಿದ ಮೇಲೆ ಹೇಳಿದ.

"ಅವತ್ತು ಗುಂಡಿ ಎತ್ತಿದಾಗ ಬೀಗದ ಯಜಮಾನಿ ಎದುರಿಗಿರ್ಲಿಲ್ಲ. ಆದ್ರೂ ಮುಟ್ಟಿದೆ. ನಲವತ್ತು ವರ್ಷದಲ್ಲಿ ಅದೊಂದೇ ಸಲ."

ಗುಮ್ಮಿ ಮಂಚದ ಕೆಳಗಿಂದ ತಗಡಿನ ಪೆಟ್ಟಿಗೆ ಎಳೆದಳು. ಒಳಗೆ ಲ್ಯಾಪ್‌ಟಾಪ್ ಸುತ್ತುತ್ತಿದ್ದ ಹಳೆಯ ಟವೆಲ್ಲು ಇತ್ತು. ಅದನ್ನು ತೆಗೆದು ಮಡಚಿ, ಸ್ನಾನದ ಮನೆಯ ತಂತಿಗೆ ಹಾಕಲು ಪಕ್ಕಕ್ಕಿಟ್ಟಳು. ಮುಚ್ಚಳ ಹಾಕಿ ಬೀಗ ಒತ್ತಿದಳು. ಅದು ಒಂದೇ ಸಲಕ್ಕೆ, ಸದ್ದೇ ಇಲ್ಲದಷ್ಟು ನಯವಾಗಿ ಕೂತಿತು.

"ಏನು ಇಟ್ಯೇ ಅದರಲ್ಲಿ?" ಎಂದಳು ಅಮ್ಮ.

"ಏನಿಲ್ಲ."

"ಮತ್ತೆ ಬೀಗ ಯಾಕೆ?"

ಗುಮ್ಮಿ ಅಪ್ಪ ಕಲಿಸಿದ ಹಾಗೆ ಬೀಗವನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, ಒಲೆಯ ಮೇಲಿದ್ದ ಅನ್ನ ನೋಡಲು ಎದ್ದುಹೋದಳು.